ಅನ್ಯಗ್ರಹದಲ್ಲೊಂದು ಶ್ರಮದಾನ

ಬೇರೆಯವರ ವಿಷಯಕ್ಕೆ ತಲೆ ಹಾಕಬಾರದು ಎಂಬುದು ನಾನು ಪಾಲಿಸಿಕೊಂಡು ಬಂದಿರುವ ಒಂದೇ ಒಂದು ಸಿದ್ಧಾಂತ. ಇದು ನನಗೆ ಎಲ್ಲಿಂದ ಬಂತು ಎಂಬ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ಟೀವಿಯಲ್ಲಿ ಬರುತ್ತಿದ್ದ ಒಂದು ಇಂಗ್ಲಿಷ್ ಧಾರಾವಾಹಿಯಿಂದ ಎಂದು ನಾನು ಹೇಳುತ್ತೇನೆ. ಹುಟ್ಟು ಸೋಮಾರಿತನದಿಂದ ಎಂದು ನನ್ನ ಹೆಂಡತಿ ಶಾರದೆ ಹೇಳುತ್ತಾಳೆ. ಅವಳ ಅಭಿಪ್ರಾಯದಲ್ಲೂ ನಾನು ತಲೆ ಹಾಕಲು ಹೋಗಿಲ್ಲ.

ನೀವೇ ಯೋಚಿಸಿ, ಈ ಸಿದ್ಧಾಂತ ನಮ್ಮ ಭಾಷೆಗೇ ಒಗ್ಗುವಂಥದ್ದಲ್ಲ. ಇನ್ನೊಬ್ಬರ ವಿಷಯದಲ್ಲಿ ಕನ್ನಡಿಗ ತಲೆ ಹಾಕುತ್ತಾನೆ, ಮೂಗು ತೂರಿಸುತ್ತಾನೆ, ಬಾಯಿ ಹಾಕುತ್ತಾನೆ, ಕೈಯಾಡಿಸುತ್ತಾನೆ, ಕಣ್ಣಿಡುತ್ತಾನೆ. ಏನೂ ಸಿಗದಿದ್ದರೆ ಕಾಲು ಕೆರೆದುಕೊಂಡು ಹೋಗುತ್ತಾನೆ. ಇಡೀ ಶರೀರವನ್ನೇ ಈ ಒಂದು ಕೆಲಸಕ್ಕೆ ಒಪ್ಪಿಸಿರುವ ಜನರ ನಡುವೆ ಸುಮ್ಮನೆ ಕೂತಿರಲು ಎಷ್ಟು ಗಟ್ಟಿ ಮನಸ್ಸು ಬೇಕು ಎಂಬುದನ್ನು ಶಾರದೆ ಎಂದೂ ಒಪ್ಪಿದವಳಲ್ಲ.

ಎಂಬತ್ತರ ದಶಕದ ಮಾತು. ನಾನು ಹೊಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಎಲೆಕ್ಟ್ರಾನಿಕ್ಸ್ ಸಿಟಿ ಎಂಬ ಬೋರ್ಡು ಬಂದಿತ್ತು, ಸಿಟಿ ಇನ್ನೂ ಬಂದಿರಲಿಲ್ಲ. ಹೆಬ್ಬಗೋಡಿಯಲ್ಲಿ ಮುನಿಯಮ್ಮನವರ ಮನೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ರಾಗಿ ಬೆಳೆಯುತ್ತಿದ್ದ ಹೊಲದ ಒಂದು ಮೂಲೆಯಲ್ಲಿ ಬಾಡಿಗೆ ಕೋಣೆ ಬೆಳೆದರೆ ಕಳೆ ಕೀಳುವ ಕೆಲಸವಿಲ್ಲ ಎಂದು ಕಂಡುಕೊಂಡ ಮೊದಲಿಗರಲ್ಲಿ ಮುನಿಯಮ್ಮನವರೂ ಒಬ್ಬರು. ಆದರೆ ಕಳೆ ಕೀಳುವ ಅಭ್ಯಾಸ ಕೈಬಿಡಬೇಕಲ್ಲ. ಬೆಳಗ್ಗೆ ಎದ್ದು ನಮ್ಮ ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುವರು. "ಇವತ್ತೂ ಬೇಳೆ ಸಾರೇನಾ ಶಾರ್ದಮ್ಮ? ಗಂಡ್ಸು ಅಂದ್ಮೇಲೆ ಸೊಪ್ಪು ಸದೆ ತಿನ್ಬೇಕು" ಎನ್ನುವರು. ನಾನು ಬನಿಯನ್ ತಿರುಗುಮುರುಗಾಗಿ ಹಾಕಿಕೊಂಡಿದ್ದರೆ ಅದನ್ನು ಹೇಳಲು ಬೀದಿಯ ಆ ತುದಿಯಿಂದ ಕೂಗುವರು. ನಮ್ಮ ಸಂಸಾರದ ಎಲ್ಲ ಖಾತೆಗಳೂ ಅವರ ಕೈಯಲ್ಲಿದ್ದವು. ಶಾರದೆಗೆ ಇದರಿಂದ ಬೇಸರವೇ ಇರಲಿಲ್ಲ. ಅವಳೂ ಹೋಗಿ ಅವರ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು.

ಆ ಬೀದಿಯಲ್ಲಿ ಟೀವಿ ಇದ್ದದ್ದು ನಮ್ಮಲ್ಲಿ ಮಾತ್ರ. ಮರದ ಬಾಗಿಲುಳ್ಳ, ಕಪ್ಪು ಬಿಳುಪಿನ ಪೆಟ್ಟಿಗೆ. ಭಾನುವಾರ ಬೆಳಗ್ಗೆ ಅದರಲ್ಲಿ ಆ ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಒಂದು ದೊಡ್ಡ ಹಡಗು ನಕ್ಷತ್ರಗಳ ನಡುವೆ ಊರೂರು ಅಲೆಯುತ್ತದೆ. ಅದಕ್ಕೊಬ್ಬ ಕ್ಯಾಪ್ಟನ್. ವಾರಕ್ಕೊಂದು ಗ್ರಹದಲ್ಲಿ ಇಳಿಯುತ್ತಾನೆ. ಅವನ ಇಲಾಖೆಯ ಕಟ್ಟುನಿಟ್ಟಾದ ಕಾನೂನು ಏನೆಂದರೆ, ಯಾವ ಗ್ರಹದ ಜನರ ನಡೆನುಡಿಯಲ್ಲೂ ಕೈಯಾಡಿಸಬಾರದು. ಅವರು ಹೇಗಿದ್ದಾರೋ ಹಾಗೇ ಇರಲು ಬಿಟ್ಟು ಬರಬೇಕು. ಕ್ಯಾಪ್ಟನ್ ಪ್ರತಿ ವಾರವೂ ಈ ಕಾನೂನನ್ನು ಭಕ್ತಿಯಿಂದ ನೆನೆಯುತ್ತಿದ್ದ, ಪ್ರತಿ ವಾರವೂ ಮುರಿಯುತ್ತಿದ್ದ. ಗ್ರಹಸ್ಥರ ದೇವರನ್ನೋ ದೊರೆಯನ್ನೋ ಉರುಳಿಸಿ, ಎರಡು ಒಳ್ಳೆಯ ಮಾತು ಹೇಳಿ, ಕೊನೆಯ ಜಾಹೀರಾತಿಗೆ ಮುಂಚೆ ಹಡಗು ಹತ್ತುತ್ತಿದ್ದ. ಆಮೇಲೆ ಅಲ್ಲಿ ಏನಾಯಿತು ಎಂದು ತೋರಿಸಲು ಹಡಗು ಆ ಕಡೆ ಎಂದೂ ಮರಳಿ ಬರಲಿಲ್ಲ.

ಬೀದಿಯ ಹೆಂಗಸರೆಲ್ಲ ಬಂದು ಚಾಪೆಯ ಮೇಲೆ ಕೂರುವರು. ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನನ್ನದು. ನನಗೂ ಆ ಕ್ಯಾಪ್ಟನ್ನನ ಇಂಗ್ಲಿಷ್ ಅರ್ಧದಷ್ಟೇ ತಿಳಿಯುತ್ತಿತ್ತು. ಉಳಿದರ್ಧ ಅವನು ಹೇಳಬೇಕಾಗಿದ್ದ ಮಾತನ್ನು ನಾನೇ ಹೇಳುತ್ತಿದ್ದೆ. ಎಷ್ಟೋ ವಾರ ನನ್ನ ಕ್ಯಾಪ್ಟನ್ ಅವನಿಗಿಂತ ತೂಕವಾಗಿ ಮಾತಾಡಿದ್ದಾನೆ.

ನಾನು ಹೇಳಹೊರಟ ಭಾನುವಾರ ನಮ್ಮ ಮನೆಗೆ ಇನ್ನೊಬ್ಬರು ಪ್ರೇಕ್ಷಕರು ಬಂದಿದ್ದರು. ಅವರು ನಮ್ಮ ವಿಭಾಗದ ಮುಖ್ಯಸ್ಥರು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಆ ಧಾರಾವಾಹಿಯ ಮಹಾಭಕ್ತರು. ಸೋಮವಾರ ಕ್ಯಾಂಟೀನಿನಲ್ಲಿ ಕೂತು, "ಎಂಥಾ ರೂಲು ನೋಡ್ರಿ ಅದು! ಇನ್ನೊಬ್ಬರ ಲೈಫಲ್ಲಿ ಇಂಟರ್‌ಫಿಯರ್ ಮಾಡ್ಬಾರದು. ಎಷ್ಟು ಮುಂದುವರೆದ ಜನ!" ಎಂದು ಕಣ್ಣು ಮುಚ್ಚಿಕೊಂಡು ಹೇಳುವರು. ಕಣ್ಣು ತೆರೆದ ಕೂಡಲೇ ಪಕ್ಕದವನು ಇಡ್ಲಿಗೆ ಮೊದಲು ಚಟ್ನಿ ಹಾಕಿಕೊಂಡದ್ದು ತಪ್ಪು, ಸಾಂಬಾರು ಹಾಕಿಕೊಳ್ಳಬೇಕಿತ್ತು ಎಂದು ತಿದ್ದುವರು. ಅವರು ಕಾರ್ಖಾನೆಯ ಗ್ರಾಮಸೇವಾ ಸಮಿತಿಗೂ ಅಧ್ಯಕ್ಷರು. ಆ ಭಾನುವಾರ ಧಾರಾವಾಹಿ ಮುಗಿದೊಡನೆ ಹೆಬ್ಬಗೋಡಿಯಲ್ಲಿ ಶ್ರಮದಾನ ಎಂದು ಗೊತ್ತುಮಾಡಿ, ಸಮಿತಿಯ ಇಂಜಿನಿಯರುಗಳು, ಪೊರಕೆ, ಬುಟ್ಟಿಗಳು ತುಂಬಿದ ಕಾರ್ಖಾನೆಯ ವ್ಯಾನನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ, ತಾವು ಮುಂಚೆಯೇ ಬಂದು ನಮ್ಮ ಮನೆಯ ಒಂದೇ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು.

ಅದೇ ದಿನ ಮುನಿಯಮ್ಮನವರ ಮನೆಯಲ್ಲಿ ಸೊಸೆಯ ಸೀಮಂತ. ಮಾಲೂರಿನ ಕಡೆಯಿಂದ ಬೀಗರು ಬಂದು ಮಗಳ ಮಡಿಲು ತುಂಬಿ ತವರಿಗೆ ಕರೆದೊಯ್ಯುವವರಿದ್ದರು. ಮುನಿಯಮ್ಮನವರ ಎದೆಯಲ್ಲಿ ಇದ್ದದ್ದು ಅಡುಗೆಯ ಚಿಂತೆಯಲ್ಲ, ನೀರಿನ ಚಿಂತೆ. ಹಿಂದೆ ಮಗನ ಮದುವೆಯಲ್ಲಿ ಎರಡನೆಯ ಪಂಕ್ತಿಯ ಹೊತ್ತಿಗೆ ನೀರು ಖಾಲಿಯಾಗಿ, ಬೀಗರು ಗೋಲಿಸೋಡಾದಲ್ಲಿ ಕೈ ತೊಳೆದಿದ್ದರು. ಹೆಬ್ಬಗೋಡಿಯವರು ಕೈಗೆ ಸೋಡಾ ಕೊಡುವಷ್ಟು ಶ್ರೀಮಂತರು ಎಂದು ಮಾಲೂರಿನ ಕಡೆ ಇನ್ನೂ ಆಡಿಕೊಂಡು ನಗುತ್ತಿದ್ದರಂತೆ. "ಈ ಸಲ ಅವ್ರು ಕೈ ತೊಳ್ಯಾಕಲ್ಲ, ಮುಳುಗಾಕೆ ನೀರು ಕೊಡ್ತೀನಿ" ಎಂದು ಮುನಿಯಮ್ಮನವರು ಶಪಥ ಮಾಡಿದ್ದರು. ಬೀದಿಗೆ ಇದ್ದದ್ದು ಪಂಚಾಯಿತಿಯ ಒಂದೇ ನಲ್ಲಿ. ಪಂಪು ಓಡುವಷ್ಟು ಹೊತ್ತು ನೀರು, ಕರೆಂಟು ಹೋದರೆ ಅದೂ ಇಲ್ಲ. ಭಾನುವಾರ ನೀರು ಬರುವುದು ಧಾರಾವಾಹಿ ಮುಗಿದ ಮೇಲೆ. ಅದಕ್ಕೇ ಅವರು ಅಷ್ಟು ಕೆಲಸದ ನಡುವೆಯೂ ನಿಶ್ಚಿಂತೆಯಿಂದ ಬಂದು ಹೂ ಕಟ್ಟುತ್ತಾ ಟೀವಿಯ ಮುಂದೆ ಕೂತಿದ್ದರು.

ಆ ವಾರದ ಗ್ರಹದಲ್ಲಿ ಜನರೆಲ್ಲ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದರು. ಒಬ್ಬನ ಹಗ್ಗ ಮುಂದಿನವನ ಸೊಂಟಕ್ಕೆ, ಅವನದು ಅದರ ಮುಂದಿನವನಿಗೆ. ಹೀಗೆ ಸಾಲಾಗಿ ನಡೆಯುವರು, ಸಾಲಾಗಿ ಉಣ್ಣುವರು. ಕ್ಯಾಪ್ಟನ್ನನಿಗೆ ಇದನ್ನು ನೋಡಿ ಕರುಳು ಚುರ್ ಎಂದಿತು. ಕಾನೂನು ನೆನಪಾಗಿ ಸ್ವಲ್ಪ ಹೊತ್ತು ಕಿಟಕಿಯ ಬಳಿ ನಿಂತು ಆಕಾಶ ನೋಡಿದ. ರಾಯರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ನೋಡಿ, ನೋಡಿ, ಹ್ಯಾಗೆ ಒದ್ದಾಡ್ತಿದಾನೆ! ಇದಪ್ಪಾ ಡಿಸಿಪ್ಲಿನ್ನು" ಎಂದರು. ಒದ್ದಾಟ ಮುಗಿದ ಮೇಲೆ ಕ್ಯಾಪ್ಟನ್ ಕೆಳಗಿಳಿದು ಎಲ್ಲರ ಹಗ್ಗವನ್ನೂ ಕತ್ತರಿಸಿದ. ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಿದ. ಆ ಜನ ಏನೂ ತೋಚದೆ ಅಲ್ಲಲ್ಲೇ ನಿಂತಿರುವಾಗ ಹಡಗು ಹೊರಟಿತು. ನಾನು ಭಾಷಣವನ್ನು ಕನ್ನಡದಲ್ಲಿ ಇನ್ನಷ್ಟು ಉದ್ದ ಮಾಡಿ ಹೇಳಿದೆ.

ಇಂಥ ಹೊತ್ತಿನಲ್ಲಿ ಹಳ್ಳಿಯ ಹಿರಿಯ ಹೆಂಗಸು ಏನಾದರೂ ಒಂದು ತತ್ತ್ವದ ಮಾತು ಹೇಳುತ್ತಾಳೆ ಎಂದು ನೀವು ಕಾಯುತ್ತಿರಬಹುದು. ನಾನೂ ಕಾದೆ. ಮುನಿಯಮ್ಮನವರು ಹೂವಿನ ದಾರವನ್ನು ಹಲ್ಲಿನಲ್ಲಿ ಕಡಿದು, "ಅಗ್ಗ ಕುಯ್ದಿದ್ದು ಒಳ್ಳೇದೇ ಆಯ್ತು. ಆದ್ರೆ ಅಷ್ಟು ಅಗ್ಗಾನ ಅಲ್ಲೇ ಬಿಟ್ಬುಟ್ನಲ್ಲ, ಎಮ್ಮೆ ಕಟ್ಟಾಕಾದ್ರೂ ಆಗ್ತಿತ್ತು" ಎಂದರು. ಕ್ಯಾಪ್ಟನ್ನನ ಕಾನೂನನ್ನು ಅವರಿಗೆ ವಿವರಿಸಿದೆ. ಅವರಿಗೆ ಅದು ಶುದ್ಧ ಹುಚ್ಚಾಗಿ ಕಂಡಿತು. "ಪಕ್ಕದ್ ಮನೇಲಿ ಏನಾಯ್ತದೆ ಅಂತ ನೋಡ್ದೇ ಇರೋಕೆ ಅಷ್ಟ್ ದೂರ ಯಾಕ್ ಓಗ್ಬೇಕಿತ್ತು ಇಂಜಿನೇರಪ್ಪ? ಮನೇಲೇ ಬಾಗ್ಲಾಕ್ಕಂಡ್ ಬಿದ್ದಿರ್ಬೌದಿತ್ತು." ಹೀಗೆಂದು ಹೂವಿನ ಬುಟ್ಟಿ ಎತ್ತಿಕೊಂಡು ಹೊರಟರು. ಶಾರದೆಯೂ ಒಬ್ಬಟ್ಟು ತಟ್ಟಲು ಅವರ ಹಿಂದೆಯೇ ಹೋದಳು.

ಆ ಗ್ರಹದವರ ಮೇಲಿನ ಮರುಕದಿಂದ ರಾಯರ ಕಣ್ಣು ಒದ್ದೆಯಾಗಿತ್ತು. "ಕೇಳ್ಬೇಕಾಗಿತ್ತು ಕಣ್ರೀ. ಯಾಕೆ ಹಗ್ಗ ಕಟ್ಕೊಂಡಿದೀರಿ ಅಂತ ಒಂದ್ ಮಾತು ಕೇಳ್ಬೇಕಾಗಿತ್ತು ಅವನು" ಎಂದರು. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಕಟ್ಟಿಕೊಂಡು, "ನಡೀರಿ, ಹಳ್ಳೀನ ಕ್ಲೀನ್ ಮಾಡೋಣ" ಎಂದು ಎದ್ದರು.

ಸಮಿತಿಯ ಕಣ್ಣು ಮೊದಲು ಬಿದ್ದದ್ದು ನಲ್ಲಿಯ ಕಟ್ಟೆಯ ಮೇಲೆ. ಅಲ್ಲಿನ ದೃಶ್ಯ ನಿಜಕ್ಕೂ ಚೆನ್ನಾಗಿರಲಿಲ್ಲ. ನಲ್ಲಿಯಿಂದ ಶುರುವಾಗಿ ಬೀದಿಯುದ್ದಕ್ಕೂ ಹಾಳುಮೂಳು ಬಿದ್ದಿತ್ತು. ಒಡೆದ ಒರಳಿನ ಗುಂಡುಕಲ್ಲು, ತಳ ಹೋದ ಬಕೆಟ್ಟು, ಇಟ್ಟಿಗೆಯ ಚೂರು, ತೆಂಗಿನ ಚಿಪ್ಪು, ಒಂಟಿ ಚಪ್ಪಲಿ. ಅದೆಲ್ಲ ಒಂದರ ಹಿಂದೊಂದು ಸಾಲಾಗಿ ಬಿದ್ದಿರುವುದು ಅಷ್ಟೂ ಜನ ಇಂಜಿನಿಯರುಗಳಲ್ಲಿ ಒಬ್ಬರಿಗಾದರೂ ವಿಚಿತ್ರವೆನಿಸಬೇಕಿತ್ತು. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮಾಲನ್ನು ತಿರಸ್ಕರಿಸುವ ಜನ ನಾವು. ಆದರೆ ಕಸ ಎಂದು ಒಮ್ಮೆ ಹೆಸರಿಟ್ಟ ಮೇಲೆ ಅದನ್ನು ಯಾರು ನೋಡುತ್ತಾರೆ? ಬಾಚಿ ಬಾಚಿ ವ್ಯಾನಿಗೆ ತುಂಬಿದೆವು.

ಚಪ್ಪಲಿಯ ಪಕ್ಕದಲ್ಲಿ ಬೋರಲಾಗಿ ಬಿದ್ದಿದ್ದ ಹಳದಿ ಹೆಲ್ಮೆಟ್ ಒಂದನ್ನು ರಾಯರು ಎತ್ತಿ ಹಿಡಿದರು. ಅದರ ಮೇಲೆ ನಮ್ಮ ಕಾರ್ಖಾನೆಯ ಮುದ್ರೆ ಇತ್ತು. "ಏನ್ರೀ ಇದು, ಕಂಪನಿ ಪ್ರಾಪರ್ಟಿ! ಇಲ್ಲೀವರೆಗೂ ಬಂತಾ ಕಳ್ಳತನ?" ಎಂದರು. ಅದು ನನ್ನದೇ ಹೆಲ್ಮೆಟ್. ಬಿರುಕು ಬಿಟ್ಟಿದೆ ಎಂದು ಮನೆಯ ಅಟ್ಟದ ಮೇಲೆ ಎಸೆದಿದ್ದೆ. ಅದು ಬೀದಿಗೆ ಹೇಗೆ ಬಂತು ಎಂದು ನನಗೆ ಹೊಳೆಯಲಿಲ್ಲ. ಒಳಗಡೆ ಬರೆದಿದ್ದ ನನ್ನ ಹೆಸರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, "ನಾನು ಸ್ಟೋರ್ಸಿಗೆ ಸೇರಿಸ್ತೀನಿ ಸಾರ್" ಎಂದು ಇಸಿದುಕೊಂಡೆ. ಆಮೇಲೆ ಫೋಟೋ ತೆಗೆದದ್ದಾಯಿತು. ರಾಯರು ಸ್ವಚ್ಛತೆಯ ಬಗ್ಗೆ ಎರಡು ಮಾತು ಆಡಿದರು; ಕೇಳಿದ್ದು ಒಂದು ಎಮ್ಮೆ ಮತ್ತು ನಾವು. ವ್ಯಾನು ಕೈ ಬೀಸುತ್ತಾ ಹೊಸೂರು ರಸ್ತೆಯ ಕಡೆಗೆ ಹೊರಟುಹೋಯಿತು.

ಸ್ವಲ್ಪ ಹೊತ್ತಿಗೆ ನಲ್ಲಿ ಕೆಮ್ಮಿತು. ನೀರು ಬರುವ ಮುನ್ನ ಅದು ಕೆಮ್ಮುವುದು ರೂಢಿ. ಕೆಮ್ಮು ಕೇಳಿದ ಕೂಡಲೇ ಮನೆಮನೆಯಿಂದ ಹೆಂಗಸರು ಬಿಂದಿಗೆ ಹಿಡಿದು ಬಂದರು. ಬಂದವರು ಬಂದಂತೆಯೇ ನಿಂತರು. ಅಷ್ಟು ಚೊಕ್ಕಟವಾದ ಜಾಗವನ್ನು ನಾನು ಹೆಬ್ಬಗೋಡಿಯಲ್ಲಿ ಕಂಡಿರಲಿಲ್ಲ. ಅಷ್ಟು ಜೋರಾದ ಜಗಳವನ್ನೂ ಕಂಡಿರಲಿಲ್ಲ.

ಒಬ್ಬಟ್ಟಿನ ಕೈಯಲ್ಲೇ ಓಡಿಬಂದ ಶಾರದೆ ನನ್ನ ಕಂಕುಳಲ್ಲಿದ್ದ ಹೆಲ್ಮೆಟ್ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ರೀ, ಇದನ್ನ ಯಾಕ್ರೀ ತೆಗೆದ್ರಿ? ಇದು ನಮ್ಮ ಪಾಳಿ!" ಎಂದಳು. ಆಗ ನನಗೆ ಬೆಳಕಾಯಿತು. ಆ ಹಾಳುಮೂಳೆಲ್ಲ ಕ್ಯೂ. ನೀರು ಬರುವ ಹಿಂದಿನ ಸಂಜೆಯೇ ಒಬ್ಬೊಬ್ಬರೂ ಬಂದು ತಮ್ಮ ಗುರುತನ್ನು ಸಾಲಿನಲ್ಲಿಟ್ಟು ಹೋಗುತ್ತಿದ್ದರು. ಗುಂಡುಕಲ್ಲು ಎಂದರೆ ಮುನಿಯಮ್ಮ, ತಳ ಹೋದ ಬಕೆಟ್ಟು ಎಂದರೆ ಅವರ ವಾರಗಿತ್ತಿ ವೆಂಕಟಮ್ಮ. ಹಳದಿ ಹೆಲ್ಮೆಟ್ ಎಂದರೆ ನಾನು. ನನಗೇ ತಿಳಿಯದಂತೆ ನಾನು ಎಷ್ಟೋ ಕಾಲದಿಂದ ಹೆಬ್ಬಗೋಡಿಯ ಬೀದಿಯಲ್ಲಿ ಬಿಸಿಲು ಮಂಜಿನಲ್ಲಿ ನಿಂತು ಮನೆಗೆ ನೀರು ಒದಗಿಸುತ್ತಿದ್ದೆ. ನನ್ನ ಬದುಕಿನಲ್ಲಿ ನಾನು ಅಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ ಎಂದು ಶಾರದೆ ಈಗಲೂ ಹೇಳುತ್ತಾಳೆ.

ಯೋಚಿಸಿದರೆ ನಮ್ಮ ನಾಡಿನಲ್ಲಿ ಮನುಷ್ಯನ ಪರವಾಗಿ ಕಲ್ಲು ನಿಲ್ಲುವುದು ಹೊಸದೇನಲ್ಲ. ದನಕ್ಕಾಗಿ ಹೋರಾಡಿ ಸತ್ತವನಿಗೆ ವೀರಗಲ್ಲು, ಗಂಡನ ಹಿಂದೆ ಹೋದವಳಿಗೆ ಮಾಸ್ತಿಗಲ್ಲು, ಹೊಲದ ಒಡೆಯನಿಗೆ ಬಾಂದುಗಲ್ಲು. ಪಂಡಿತರು ಇವುಗಳ ಮುಂದೆ ಭೂತಗನ್ನಡಿ ಹಿಡಿದು ಕೂತು ಓದುತ್ತಾರೆ. ನೀರಿಗಾಗಿ ಬದುಕಿರುವವರೇ ನಿಲ್ಲಿಸಿದ ಕಲ್ಲನ್ನು ಮಾತ್ರ ಯಾರೂ ಓದಿಲ್ಲ. ನಾವಂತೂ ಅದನ್ನು ವ್ಯಾನಿಗೆ ತುಂಬಿ ಕಳಿಸಿದ್ದೆವು.

ಈಗ ಎಲ್ಲರೂ ಮೊದಲಿಗರೇ. ಚಿಪ್ಪಿನವಳೂ ನಾನೇ ಮೊದಲು ಎಂದಳು, ಚಪ್ಪಲಿಯವಳೂ ನಾನೇ ಮೊದಲು ಎಂದಳು. ನೀರು ಯಾರ ಬಿಂದಿಗೆಗೂ ಬೀಳದೆ ನೆಲಕ್ಕೆ ಸುರಿಯುತ್ತಿತ್ತು. ಮುನಿಯಮ್ಮನವರ ಮುಖ ನೋಡಲಾಗಲಿಲ್ಲ. ಮಾಲೂರಿನ ಕಡೆಯ ಬಸ್ಸು ಹೊರಟಾಗಿತ್ತು. ಕರೆಂಟು ಯಾವ ಗಳಿಗೆಯಲ್ಲಾದರೂ ಹೋಗಬಹುದಿತ್ತು. ಅಷ್ಟು ದೊಡ್ಡ ಬಾಯಿಯ ಹೆಂಗಸು ಖಾಲಿ ಕೊಡ ಹಿಡಿದು ಸುಮ್ಮನೆ ನಿಂತದ್ದನ್ನು ಕಂಡು ನಾನು ಹೆಲ್ಮೆಟ್ಟನ್ನು ಬೆನ್ನ ಹಿಂದೆ ಸರಿಸಿಕೊಂಡೆ.

ಗುಂಡುಕಲ್ಲು ಮೊದಲಿತ್ತು ಎಂದು ಎದೆ ಮುಟ್ಟಿ ಹೇಳಬಲ್ಲವರು ಒಬ್ಬರೇ. ಎರಡನೆಯವರು. ಅಂದರೆ ವೆಂಕಟಮ್ಮ. ಆದರೆ ವಾರಗಿತ್ತಿಯರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಯಾರದೋ ಮದುವೆಯಲ್ಲಿ ಕಳಶ ಹಿಡಿಯುವ ಮರ್ಯಾದೆ ಹಿರಿಯಳಾದ ತನಗೆ ಬಿಟ್ಟು ಮುನಿಯಮ್ಮನಿಗೆ ಹೋಯಿತು ಎಂದು ವೆಂಕಟಮ್ಮನವರ ಸಿಟ್ಟು. ಅಂದಿನಿಂದ ಅವರು ಮುನಿಯಮ್ಮನವರ ಮನೆಯ ಹೊಸಿಲು ತುಳಿದಿರಲಿಲ್ಲ. ಟೀವಿ ನೋಡಲೂ ಬರುತ್ತಿರಲಿಲ್ಲ. ಮನುಷ್ಯರು ಮಾತು ಬಿಟ್ಟರೂ ಗುಂಡುಕಲ್ಲು ಮತ್ತು ಬಕೆಟ್ಟು ಮಾತ್ರ ಇಷ್ಟು ವರ್ಷವೂ ಪಕ್ಕಪಕ್ಕದಲ್ಲೇ ತಣ್ಣಗೆ ನಿಂತಿದ್ದವು. ಕ್ಯೂ ಎಂಬುದು ನೀರಿಗಾಗಿ ಅಷ್ಟೇ ಅಲ್ಲ, ಹೀಗೆ ಮಾತಿಲ್ಲದೆ ಬಾಳಲಿಕ್ಕೂ ಇದ್ದ ಏರ್ಪಾಡು. ನಾವು ಅದನ್ನು ಕಿತ್ತು ಹಾಕಿದ್ದರಿಂದ ಅವರಿಬ್ಬರಲ್ಲಿ ಒಬ್ಬರು ಬಾಯಿ ತೆರೆಯಲೇಬೇಕಾಯಿತು.

ಮುನಿಯಮ್ಮನವರು ನಲ್ಲಿಯನ್ನು ನೋಡುತ್ತಾ ಗಟ್ಟಿಯಾಗಿ ಹೇಳಿದರು. "ಇಲ್ಲಿ ನಿಂತೋರ್ಗೆ ಕಣ್ಣಿದ್ರೆ ಏಳ್ಲಿ, ನಿನ್ನೆ ಸಂಜೆ ಮೊದ್ಲು ಏನಿತ್ತು ಅಂತ."

ವೆಂಕಟಮ್ಮನವರು ತಮ್ಮ ಬಿಂದಿಗೆಯೊಳಗೆ ಇಣುಕುತ್ತಾ ಅದಕ್ಕೇ ಹೇಳುವಂತೆ ಹೇಳಿದರು. "ಕಣ್ಣೇನೋ ಅವೆ. ಗುಂಡ್ಕಲ್ಲೇ ಮೊದ್ಲಿತ್ತು."

ಗಲಾಟೆ ತಟ್ಟನೆ ನಿಂತಿತು. ನೆಂಟರು ಹೇಳಿದ ಸಾಕ್ಷಿಯನ್ನು ಅನುಮಾನಿಸಬಹುದು. ಮಾತು ಬಿಟ್ಟವಳ ಸಾಕ್ಷಿಯನ್ನು ಅನುಮಾನಿಸುವ ಧೈರ್ಯ ಯಾರಿಗಿದೆ? ಮುನಿಯಮ್ಮನವರ ಕೊಡ ನಲ್ಲಿಯ ಕೆಳಗೆ ಹೋಯಿತು. ಆಮೇಲೆ ವೆಂಕಟಮ್ಮನವರ ಸರದಿ. ಅವರು ತಮ್ಮ ಬಿಂದಿಗೆ ತುಂಬಿಸಿ ಸೊಂಟಕ್ಕೇರಿಸಿ, ತಮ್ಮ ಮನೆಯ ಕಡೆಗೆ ಹೋಗದೆ ಮುನಿಯಮ್ಮನವರ ಹಿಂದೆಯೇ ನಡೆದರು. ಎರಡನೆಯ ಸಲ, ಮೂರನೆಯ ಸಲವೂ ಹಾಗೇ. ಮಾತಿಲ್ಲ, ಕತೆಯಿಲ್ಲ. ಉಳಿದವರೂ ಒಬ್ಬೊಬ್ಬರು ಒಂದೊಂದು ಕೊಡ ಹೊತ್ತು ಹಾಕಿದರು. ಹಂಡೆ, ಡ್ರಮ್ಮು, ಕೊನೆಗೆ ನಮ್ಮ ಮನೆಯ ಪಾತ್ರೆಗಳೂ ತುಂಬಿದವು. ಮರುದಿನ ರಾಯರು ಇದನ್ನೆಲ್ಲ ನನ್ನಿಂದ ಕೇಳಿ ತಿಳಿದು, ಶ್ರಮದಾನದಿಂದ ಗ್ರಾಮದಲ್ಲಿ ಐಕ್ಯ ಮೂಡಿತೆಂದು ಕ್ಯಾಂಟೀನಿನಲ್ಲಿ ಸಾರಿದರು. ಇನ್ನೂ ಎರಡು ಹಳ್ಳಿಗಳನ್ನು ಗುರುತು ಹಾಕಿಕೊಂಡರು. ಆ ಹಳ್ಳಿಗಳ ಹೆಸರನ್ನು ನಾನು ಕೇಳಲಿಲ್ಲ.

ಆದರೆ ನೀರು ಹೊರುತ್ತಿದ್ದ ಆ ಹೊತ್ತಿನಲ್ಲಿ ನನ್ನ ಕಣ್ಣಿದ್ದದ್ದು ಮುನಿಯಮ್ಮನವರ ಬಾಗಿಲ ಮೇಲೆ. ಪ್ರತಿ ಸಲವೂ ವೆಂಕಟಮ್ಮನವರು ಬಿಂದಿಗೆಯನ್ನು ಹೊಸಿಲ ಹೊರಗೆ ಇಳಿಸುತ್ತಿದ್ದರು. ಮುನಿಯಮ್ಮನವರು ಒಳಗಿನಿಂದ ಬಂದು ಎತ್ತಿಕೊಳ್ಳುತ್ತಿದ್ದರು. ಕೊನೆಯ ಬಿಂದಿಗೆಯೂ ಇಳಿಯಿತು. ಒಳಗೆ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದ ಸೊಸೆ ಬಾಗಿಲ ಕಡೆಗೇ ನೋಡುತ್ತಿದ್ದಳು. ಅವಳಿಗೆ ಮೊದಲ ಬಳೆ ತೊಡಿಸಬೇಕಾದ ಹಿರಿಯ ಮುತ್ತೈದೆ ಹೊರಗೆ ನಿಂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಒಳಗಿನವರು ಬಾ ಎನ್ನಲಿಲ್ಲ, ಕರೆಯದೆ ಹೊರಗಿನವರು ಬರುವಂತಿರಲಿಲ್ಲ. ಇನ್ನೊಂದು ಗಳಿಗೆ ಹೀಗೇ ಕಳೆದಿದ್ದರೆ ವೆಂಕಟಮ್ಮನವರು ತಿರುಗಿ ನಡೆದುಬಿಡುತ್ತಿದ್ದರು. ಆಮೇಲೆ ಇನ್ನೆಷ್ಟು ವರ್ಷವೋ. ಶಾರದೆ ನನ್ನನ್ನು ನೋಡಿದಳು. ನನ್ನ ಸಿದ್ಧಾಂತ ಎಲ್ಲಿ ಹೋಯಿತೋ ತಿಳಿಯದು, ನನ್ನ ಬಾಯಿ ತಾನಾಗಿ ತೆರೆಯಿತು.

"ಹೊರಗೇ ಯಾಕೆ ನಿಂತ್ರಿ ವೆಂಕಟಮ್ಮನೋರೇ, ಒಳಗೆ ಬನ್ನಿ" ಎಂದೆ.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಇದೇನಪ್ಪಾ ಇದು!" ಎಂದರು ವೆಂಕಟಮ್ಮ. "ನಾನು ಸೊಸೆಯಾಗಿ ಬಂದು ಸೇರ್ ಒದ್ದಿರೋ ಮನೆಗೆ ನನ್ನ ಕರ್ಯಾಕೆ ನೀನ್ಯಾರು?"

"ಅದೇ ನಾನೂ ಕೇಳ್ತೀನಿ" ಎಂದರು ಮುನಿಯಮ್ಮ. "ನೋಡಕ್ಕಾ, ಬಾಡ್ಗೆಗಿರೋನು ನಮ್ಮನೆ ಒಸ್ಲಿಗೆ ನಮ್ಮುನ್ನೇ ಕರೀತಾನೆ! ಬೆಳಗ್ಗೆ ಇವ್ರ ಕಡೇರೇ ಬಂದು ನಮ್ ಕಲ್ಲೆಲ್ಲಾ ಒತ್ಕಂಡೋಗಿದ್ದು."

"ಓದ್ದೋರಿಗೆ ಬುದ್ಧಿ ಎಲ್ಲಿರ್ತದೆ ಮುನೀ. ಎಡ್ತಿ ಪಾಪ ನೀರು ಒರ್ತಾಳೆ, ಇವ್ನು ಕುರ್ಚಿ ಮೇಲ್ ಕೂತ್ಕಂಡು ಇಂಗ್ಲೀಸ್ ನೋಡ್ತಾನೆ."

"ಬನೀನ್ ನೆಟ್ಗೆ ಆಕ್ಕಳಾಕ್ ಬರಾಕಿಲ್ಲ ಕಣಕ್ಕಾ ಇವ್ನಿಗೆ!"

ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಎತ್ತಿಕೊಂಡರು. ನನ್ನ ಬನಿಯನ್ನು, ನನ್ನ ಬೇಳೆಸಾರು, ನನ್ನ ಓದು, ನನ್ನ ಕಾರ್ಖಾನೆ ಯಾವುದನ್ನೂ ಬಿಡಲಿಲ್ಲ. ಎಷ್ಟೋ ವರ್ಷ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಉಳಿಸಿಟ್ಟಿದ್ದ ಮಾತೆಲ್ಲ ನನ್ನ ತಲೆಯ ಮೇಲೆ ಸುರಿಯಿತು. ಮುನಿಯಮ್ಮನವರು ನನ್ನ ಕಡೆ ಕೈ ಮಾಡಿ ಬೈಯುತ್ತಲೇ ಬಳೆಯ ಮಲಾರವನ್ನು ಮುಂದಕ್ಕೆ ಚಾಚಿದರು. ವೆಂಕಟಮ್ಮನವರು ನನ್ನನ್ನು ಬೈಯುತ್ತಲೇ ಅದನ್ನು ಇಸಿದುಕೊಳ್ಳಲು ಮುಂದೆ ಬಂದರು. ಹಾಗೆ ಬರುವಾಗ ಹೊಸಿಲು ದಾಟಿದ್ದು ಅವರಿಗೂ ತಿಳಿಯಲಿಲ್ಲ, ಮುನಿಯಮ್ಮನವರಿಗೂ ತಿಳಿಯಲಿಲ್ಲ.

ನನಗೆ ಕಂಡಿತು. ಹೇಳಲಿಲ್ಲ. ಬಾಯಿ ಮುಚ್ಚಿಕೊಂಡಿರಬೇಕಾದ ಗಳಿಗೆ ಯಾವುದು ಎಂದು ಕಲಿಯಲು ನಾನು ಮೊದಲು ಒಮ್ಮೆ ಬಾಯಿ ಬಿಡಬೇಕಾಯಿತು.